ಅಜ್ಜಿಯ ಕೈಯ ಕೌದಿ

ಧಾರವಾಡದ ಕಡೆ ಅಜ್ಜಿಯಂದಿರು ಹಳೆಯ ಬಟ್ಟೆಯ ಪದರ ಜೋಡಿಸಿ ಹೊಲಿಯುವ ಹೊದಿಕೆ, ಕೌದಿಯನ್ನು ಮಗುಚಿ ನೋಡಬೇಕು. ಮೇಲಿನ ಬಣ್ಣಬಣ್ಣದ ತುಣುಕು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೈಯ ಹದ ಗೊತ್ತಾಗುವುದು ಹಿಂಬದಿಯಲ್ಲಿ. ಒತ್ತೊತ್ತಾಗಿ ಸಾಗುವ ಸಾದಾ ಹೊಲಿಗೆ ಅಂಚಿನಿಂದ ಶುರುವಾಗಿ ನಾಲ್ಕೂ ಮೂಲೆ ಸುತ್ತುತ್ತ ನಡುವಿಗೆ ಬರುತ್ತದೆ. ಗೆರೆ ಎಳೆದುಕೊಂಡಿಲ್ಲ, ಟೇಪು ಹಿಡಿದಿಲ್ಲ. ಎಡಗೈ ಬೆರಳೇ ಪದರ ಸವರಿ ಸುಕ್ಕು ಬಿಡಿಸುತ್ತದೆ. ದಾರ ಬಿಗಿಯಾದರೆ ಬಟ್ಟೆ ಮುದುಡುತ್ತದೆ, ಸಡಿಲಾದರೆ ಒಗೆದಾಗ ಒಳಪದರ ಮುದ್ದೆಯಾಗುತ್ತದೆ. ಆ ನಡುವಿನ ಹದ ಯಾವ ಯಂತ್ರಕ್ಕೂ ಬಾರದು ಎಂದೇ ನನ್ನ ನಂಬಿಕೆ.

ಬಟ್ಟೆ ಆರಿಸುವುದರಲ್ಲೂ ಎಂಥ ಜಾಣತನ! ಒಗೆದು ಒಗೆದು ಮೆತ್ತಗಾದ ಇಳಕಲ್ ಸೀರೆ, ಅಜ್ಜನ ಧೋತರ ಒಳಗೆ. ಗಟ್ಟಿ ಉಳಿದ ಸೆರಗು, ಖಣದ ಚೂರು ಮೇಲೆ. ಹೆರಿಗೆಗೆ ಬಂದ ಮಗಳ ಕೂಸಿಗೆ ಚಿಕ್ಕ ಕೌದಿ, ಬೆಳೆದ ಮೊಮ್ಮಕ್ಕಳಿಗೆ ದೊಡ್ಡದು. ಕೊನೆಗುಳಿದ ಚೂರುಗಳಲ್ಲಿ ತನಗೊಂದು ಸಂಚಿ, ಎಲೆಗೆ ಬೇರೆ, ಅಡಿಕೆಗೆ ಬೇರೆ ಅರೆ.

ಧಾರವಾಡದಾಚೆಯೂ ಕೌದಿ ಉಂಟು: ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ಮೂಲೆಗೆ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ಅದಿಲ್ಲದೆ ಕೌದಿ ಮುಗಿಯುವುದಿಲ್ಲ.

ಮನೆಯಲ್ಲಿ ಹಳೆಯ ಕೌದಿ ಇದ್ದರೆ ಎಸೆಯಬೇಡಿ. ಹೊಲಿದ ಜೀವ ಇನ್ನೂ ಇದ್ದರೆ, ಪಕ್ಕ ಕೂತು ಕಲಿತುಕೊಳ್ಳಿ.