ವಿ.ಕೆ. ಮೂರ್ತಿಯವರ ಕ್ಯಾಮೆರಾ ನಡೆದ ದೂರ

ಮುಖ ತೋರಿಸಿದರೆ ಪ್ರೇಕ್ಷಕ ಅಳುತ್ತಾನೆ ಎಂಬ ನಂಬಿಕೆ ನಮ್ಮ ಚಿತ್ರರಂಗದಲ್ಲಿ ಬೇರೂರಿದೆ. ನಾಯಕಿಯ ಕಣ್ಣು ತುಂಬಿದ ಕೂಡಲೇ ಕ್ಲೋಸಪ್, ತಾಯಿ ಕುಸಿದರೆ ಕ್ಲೋಸಪ್, ಖಳನಾಯಕ ಹುಬ್ಬೇರಿಸಿದರೂ ಕ್ಲೋಸಪ್. ಅರ್ಧ ಗಂಟೆ ಕಳೆಯುವುದರೊಳಗೆ ಮುಖಗಳು ಸವೆದುಹೋಗುತ್ತವೆ. ನಿಜವಾಗಿ ಎದೆ ಕಲಕಬೇಕಾದ ಘಟ್ಟ ಬಂದಾಗ ನಿರ್ದೇಶಕನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕ್ಲೋಸಪ್ಪಿನ ಬೆಲೆ ತಿಳಿಯಬೇಕಾದರೆ ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದ ಖಾಲಿ ಸ್ಟುಡಿಯೋದ ಹಾಡನ್ನು ನೋಡಬೇಕು.

ಅದನ್ನು ಚಿತ್ರಿಸಿದ ವಿ.ಕೆ. ಮೂರ್ತಿ ಮೈಸೂರಿನಲ್ಲಿ ಹುಟ್ಟಿದವರು. ಇಂದು ಎಸ್.ಜೆ. ಪಾಲಿಟೆಕ್ನಿಕ್ ಎಂದು ಕರೆಯುವ ಬೆಂಗಳೂರಿನ ಸಂಸ್ಥೆಯಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದರು.

ಸಂದರ್ಭ ಸರಳವಾದದ್ದು. ನಿರ್ದೇಶಕ ಸುರೇಶ್ ಸಿನ್ಹಾ, ಅವನೇ ಬೆಳಕಿಗೆ ತಂದ ನಟಿ ಶಾಂತಿ. ಇಬ್ಬರಲ್ಲೂ ಪ್ರೀತಿ ಇದೆ, ಅದು ನಡೆಯದ ಮಾತು ಎಂಬುದೂ ಇಬ್ಬರಿಗೂ ಗೊತ್ತು. ಗೀತಾ ದತ್ ಅವರ ದನಿ ಹಿನ್ನೆಲೆಯಲ್ಲಿ ಕೇಳುತ್ತದೆ, ತೆರೆಯ ಮೇಲೆ ಯಾರ ತುಟಿಯೂ ಅಲುಗುವುದಿಲ್ಲ. ಗುರುದತ್, ವಹೀದಾ ರೆಹಮಾನ್ ಇಬ್ಬರಿಗೂ ಹೆಚ್ಚಿನ ಅಭಿನಯದ ಕೆಲಸವಿಲ್ಲ. ಹೇಳಬೇಕಾದದ್ದನ್ನೆಲ್ಲ ಕ್ಯಾಮೆರಾ ಹೇಳಬೇಕು.

ಮೂರ್ತಿ ದೂರದಿಂದ ತೊಡಗುತ್ತಾರೆ. ಇದು ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಆ ಅಗಲವಾದ ತೆರೆಯನ್ನು ಬೇರೆ ಯಾರಾದರೂ ಜನಜಂಗುಳಿಯಿಂದಲೋ ಅರಮನೆಗಳಿಂದಲೋ ತುಂಬುತ್ತಿದ್ದರು. ಇಲ್ಲಿ ಅದನ್ನು ತುಂಬಿರುವುದು ಬರೀ ಕತ್ತಲು. ಅದರೊಳಗೆ ಎರಡು ಪುಟ್ಟ ಆಕೃತಿಗಳು, ನಡುವೆ ದಾಟಲಾಗದಷ್ಟು ನೆಲ. ಅವರ ಮುಖಭಾವ ನಮಗಿನ್ನೂ ಕಾಣಿಸಿಲ್ಲ, ಆದರೂ ಒಂಟಿತನ ಆಗಲೇ ನಮ್ಮನ್ನು ಹಿಡಿದುಕೊಂಡಿರುತ್ತದೆ.

ಮೇಲಿನಿಂದ ಓರೆಯಾಗಿ ಇಳಿಯುವ ಆ ಬೆಳಕಿನ ಕೋಲು ಈಗ ದಂತಕಥೆಯೇ ಆಗಿದೆ. ಸ್ಟುಡಿಯೋದ ದೀಪದಿಂದ ಅದು ಆಗುತ್ತಿರಲಿಲ್ಲ. ದೀಪದ ಕಿರಣ ಮುಂದೆ ಹೋದಂತೆ ಹರಡಿಕೊಳ್ಳುತ್ತದೆ, ಅಂಚು ಮಸುಕಾಗುತ್ತದೆ. ಸೂರ್ಯ ಬಹಳ ದೂರದಲ್ಲಿರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತವೆ. ಮೂರ್ತಿ ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ತಿರುಗಿಸಿ ಒಳಕ್ಕೆ ತಂದರು. ಕೋಲಿನ ಅಂಚು ಕೊನೆಯವರೆಗೂ ಚೂಪಾಗಿ ನಿಂತಿತು. ಆ ಚೂಪಿಗೂ ಭಾವಕ್ಕೂ ನೇರ ಸಂಬಂಧವಿದೆ. ಬೆಳಕು ಮೆತ್ತಗೆ ಹರಡಿದ್ದರೆ ದೃಶ್ಯ ಪ್ರಣಯದ್ದಾಗುತ್ತಿತ್ತು. ಈ ಕೋಲಿನ ಆಚೆ ಕತ್ತಲು ಗೋಡೆಯಷ್ಟು ಗಟ್ಟಿ.

ಆಮೇಲೆ ಟ್ರಾಲಿ ಹೊರಡುತ್ತದೆ. ಜೂಮ್ ಮಾಡಿದರೆ ನಾವು ನಿಂತಲ್ಲೇ ನಿಂತಿರುತ್ತೇವೆ, ಚಿತ್ರ ಮಾತ್ರ ಹಿಗ್ಗುತ್ತದೆ. ಟ್ರಾಲಿ ಚಲಿಸಿದಾಗ ಹತ್ತಿರದ ವಸ್ತುಗಳು ಪಕ್ಕಕ್ಕೆ ಸರಿಯುತ್ತವೆ, ಹಿನ್ನೆಲೆ ನಿಧಾನವಾಗಿ ಬದಲಾಗುತ್ತದೆ, ನಾವೇ ಅವಳ ಬಳಿಗೆ ನಡೆದು ಹೋದಂತಾಗುತ್ತದೆ. ದುಃಖದಲ್ಲಿರುವವರ ಹತ್ತಿರ ಹೋಗುವಾಗಿನ ಅಳುಕು ಆ ನಿಧಾನದಲ್ಲಿದೆ. ಕ್ಯಾಮೆರಾ ವಹೀದಾರ ಮುಖವನ್ನು ತಲುಪುವ ಹೊತ್ತಿಗೆ ಅವರು ಕಣ್ಣೀರು ಹಾಕಬೇಕಾದ ಅಗತ್ಯವೇ ಇಲ್ಲ. ಅವರಿಬ್ಬರ ನಡುವಿನ ದೂರವನ್ನು ನಮ್ಮ ಕಣ್ಣು ಆಗಲೇ ಅಳೆದಿದೆ. ಆ ಮುಖದಲ್ಲಿ ನಮಗೆ ಕಾಣುವ ಸಂಕಟದ ಅರ್ಧ ಪಾಲನ್ನು ನಾವೇ ಹೊತ್ತು ತಂದಿರುತ್ತೇವೆ.

ಇಷ್ಟು ಮೆಚ್ಚಿದ ಮೇಲೂ ಒಂದು ತಕರಾರು ಇದೆ. ಹಾಡಿನ ನಡುವೆ ಇಬ್ಬರ ಆತ್ಮಗಳೂ ದೇಹದಿಂದ ಎದ್ದು ಬೆಳಕಿನಲ್ಲಿ ಒಂದಾಗುವಂತೆ ಡಬಲ್ ಎಕ್ಸ್‌ಪೋಷರ್‌ನಲ್ಲಿ ತೋರಿಸಿದ್ದಾರೆ. ತಂತ್ರವಾಗಿ ಅದು ಅಚ್ಚುಕಟ್ಟು, ಭಾವಕ್ಕೆ ಮಾತ್ರ ಅನಗತ್ಯ. ಒಂದಾಗಲಾರರು ಎಂದು ಚೌಕಟ್ಟು ಅಷ್ಟು ಬಲವಾಗಿ ಹೇಳುತ್ತಿರುವಾಗ ಒಂದಾಗಿಸಿ ತೋರಿಸಿದರೆ ಪ್ರೇಕ್ಷಕನಿಗೆ ಸಮಾಧಾನ ಸಿಗುತ್ತದೆ. ಆ ಸಮಾಧಾನ ಅಲ್ಲಿ ಸಲ್ಲದು. ಎರಡು ವರ್ಷ ಹಿಂದಿನ ‘ಪ್ಯಾಸಾ’ದಲ್ಲಿ ಗುರುದತ್-ಮೂರ್ತಿ ಜೋಡಿಯ ಕೆಲಸ ಇನ್ನೂ ಬಿಗಿಯಾಗಿತ್ತು. ಸತ್ತನೆಂದು ಲೋಕ ನಂಬಿದ ಕವಿ ತನ್ನದೇ ಸ್ಮರಣೆಯ ಸಭೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಬೆಳಕೆಲ್ಲ ಅವನ ಬೆನ್ನಿಗೆ, ಮುಖ ಕಪ್ಪು. ಅತ್ಯಂತ ತೀವ್ರವಾದ ಗಳಿಗೆಯಲ್ಲಿ ಮುಖವನ್ನೇ ಮುಚ್ಚಿಡುವ ಧೈರ್ಯ ಅದು.

‘ಕಾಗಜ್ ಕೆ ಫೂಲ್’ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಆಮೇಲೆ ಗುರುದತ್ ತಮ್ಮ ಹೆಸರಿನಲ್ಲಿ ಇನ್ನೊಂದು ಚಿತ್ರವನ್ನು ನಿರ್ದೇಶಿಸಲಿಲ್ಲ. ಮೂರ್ತಿಯವರಿಗೆ ಆ ಚಿತ್ರಕ್ಕಾಗಿ ಫಿಲ್ಮ್‌ಫೇರ್ ಪ್ರಶಸ್ತಿ ಬಂತು, ಎಷ್ಟೋ ವರ್ಷಗಳ ನಂತರ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿಯೂ ಸಂದಿತು. ಆದರೆ ಅವರ ಕೆಲಸವನ್ನು ಇಂದು ಹೆಚ್ಚಿನವರು ನೋಡುತ್ತಿರುವುದು ಅಂಗೈಯಗಲದ ಮೊಬೈಲ್‌ನಲ್ಲಿ. ಅಲ್ಲಿ ಆ ಎರಡು ಆಕೃತಿಗಳು ಚುಕ್ಕಿಗಳಾಗುತ್ತವೆ, ಕತ್ತಲು ಬರೀ ಕಪ್ಪು ಪಟ್ಟಿಯಾಗುತ್ತದೆ, ಹಾಡು ಮಾತ್ರ ಉಳಿಯುತ್ತದೆ. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆಯಾದರೂ ಈ ಚಿತ್ರ ಪೂರ್ಣ ಅಗಲದ ತೆರೆಯ ಮೇಲೆ ಬರಬೇಕು. ಕ್ಯಾಮೆರಾ ಹಿಡಿಯಲು ಹೊರಟ ನಮ್ಮ ಹುಡುಗ ಹುಡುಗಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು.