ಉಳಿದ ಉಪಾಧ್ಯಾಯರ ಮೌನ

2011ನೆಯ ಇಸವಿ ಮಾರ್ಚ್ 11ರಂದು ಜಪಾನು ದೇಶದ ಈಶಾನ್ಯ ಕರಾವಳಿಯನ್ನು ಭೂಕಂಪವೂ ಅದರ ಬೆನ್ನಿಗೆ ಸುನಾಮಿಯೆಂಬ ಸಮುದ್ರದ ಮಹಾತರಂಗವೂ ಧ್ವಂಸಮಾಡಿದುವು. ಆ ವಿಪತ್ತನ್ನು ಕುರಿತು ಆಂಗ್ಲ ಪತ್ರಕರ್ತರಾದ ರಿಚರ್ಡ್ ಲಾಯ್ಡ್ ಪ್ಯಾರಿಯವರು 2017ರಲ್ಲಿ ಪ್ರಕಟಿಸಿದ ‘ಗೋಸ್ಟ್ಸ್ ಆಫ್ ದಿ ಸುನಾಮಿ’ ಎಂಬ ಗ್ರಂಥವು ಕರುಣರಸಪ್ರಧಾನವಾದುದು. ಅದರ ಗುಣವು ನಿರ್ವಿವಾದವು. ಆದರೂ ಅದರಲ್ಲಿ ವಿಚಾರಾರ್ಹವಾದ ಕೊರತೆಯೊಂದುಂಟು.

ಗ್ರಂಥದ ಕೇಂದ್ರವು ಕಿತಾಕಾಮಿ ನದಿಯ ಬಳಿಯ ಓಕಾವಾ ಪ್ರಾಥಮಿಕ ಶಾಲೆ. ಭೂಮಿ ನಡುಗಿದುದು ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ. ನೀರು ನುಗ್ಗಿದುದು ಸುಮಾರು 51 ನಿಮಿಷಗಳ ತರುವಾಯ. ಶಾಲೆಯ ಹಿಂದೆಯೇ ಗುಡ್ಡವಿದ್ದರೂ ಮಕ್ಕಳನ್ನು ಬಹಳ ಹೊತ್ತು ಅಂಗಳದಲ್ಲಿಯೇ ನಿಲ್ಲಿಸಿಕೊಂಡಿದ್ದರು. 74 ಮಕ್ಕಳೂ, ಅಲ್ಲಿದ್ದ 11 ಮಂದಿ ಉಪಾಧ್ಯಾಯರಲ್ಲಿ 10 ಮಂದಿಯೂ ಮೃತರಾದರು. ಉಳಿದ ಉಪಾಧ್ಯಾಯರು ಒಬ್ಬರೇ. ಮರುತಿಂಗಳು ಅವರು ಮಕ್ಕಳ ತಾಯಿತಂದೆಗಳ ಸಭೆಯಲ್ಲಿ ಒಮ್ಮೆ ನಿಂತು ನಡೆದುದನ್ನು ಹೇಳಿದರು. ಅನಂತರ ಮನೋವ್ಯಾಧಿಯ ಕಾರಣದಿಂದ ನ್ಯಾಯಸ್ಥಾನದಲ್ಲಿ ಸಾಕ್ಷ್ಯ ಹೇಳಲು ಬರಲಿಲ್ಲ.

ಅದೇ ಗ್ರಂಥದಲ್ಲಿ ಒಬ್ಬ ತಾಯಿಯಿದ್ದಾಳೆ. ವೃತ್ತಿಯಿಂದ ಆಕೆಯೂ ಉಪಾಧ್ಯಾಯಿನಿ. ಮಗಳ ದೇಹವನ್ನು ಹುಡುಕುವುದಕ್ಕಾಗಿ ಆಕೆ ಮಣ್ಣು ತೋಡುವ ಯಂತ್ರವನ್ನು ನಡೆಸಲು ಕಲಿತು, ಪರವಾನಗಿ ಪಡೆದು, ಕೆಸರನ್ನು ತಾನೇ ಅಗೆದಳು. ಆ ಶೋಕಕ್ಕೆ ಆಲಂಬನವುಂಟು, ಅನುಭಾವವುಂಟು; ಓದುಗನ ತಲೆ ತಾನಾಗಿ ಬಾಗುತ್ತದೆ. ಉಳಿದ ಉಪಾಧ್ಯಾಯರ ಸಂಕಟಕ್ಕಾದರೋ ಇಂತಹ ದಾರಿಯಿಲ್ಲ. ಕೈಗೆ ಒಪ್ಪಿಸಿದ ಮಕ್ಕಳು ಹೋಗಿ ತಾನೊಬ್ಬನೇ ಉಳಿದವನಿಗೆ ಗಟ್ಟಿಯಾಗಿ ಅಳುವ ಅಧಿಕಾರವನ್ನಾದರೂ ಲೋಕವು ಕೊಡುವುದೇ? ಭರತಮುನಿಯು ಎಣಿಸಿದ 33 ಸಂಚಾರಿಭಾವಗಳಲ್ಲಿ ನಿರ್ವೇದ, ಗ್ಲಾನಿ, ಶಂಕೆ, ಸ್ಮೃತಿ, ಜಡತೆಗಳು ಸೇರಿವೆ. ಬಂದುಹೋಗುವುದು ಅವುಗಳ ಧರ್ಮ. ಇಂತಹವನಲ್ಲಿ ಅವು ಬಂದು ನೆಲೆಯೂರಿಬಿಡಬಹುದು. ಆಗ ಅದು ಕಾವ್ಯದ ಭಾವವಲ್ಲ, ವೈದ್ಯರು ನೋಡಬೇಕಾದ ರೋಗ.

ಗ್ರಂಥಕರ್ತರು ಈ ಮೌನವನ್ನು ಕಥೆಯ ಗಂಟಾಗಿ ಮಾಡಿಕೊಂಡಿದ್ದಾರೆ. ಆ ಉಪಾಧ್ಯಾಯರ ಮಾತಿಗೂ ಇತರರ ಮಾತಿಗೂ ಕೆಲವೆಡೆ ಹೊಂದಿಕೆಯಿಲ್ಲವೆಂಬುದು ನಿಜ. ಸತ್ಯವನ್ನು ಕೇಳುವುದು ಮಕ್ಕಳನ್ನು ಕಳೆದುಕೊಂಡವರ ಹಕ್ಕೆಂಬುದೂ ನಿಜ. ಆದರೆ ಸತ್ಯವನ್ನು ಕೇಳುವುದು ಬೇರೆ, ವ್ಯಾಧಿಯನ್ನು ವೇಷವೆಂದು ಶಂಕಿಸುವುದು ಬೇರೆ. ಓದುಗನು ಈ ಎರಡನೆಯದಕ್ಕೆ ಜಾರದಂತೆ ಗ್ರಂಥವು ಸಾಕಷ್ಟು ಎಚ್ಚರ ವಹಿಸಿಲ್ಲ.

ಗ್ರಂಥವು ಹೊರಬಂದ ಮೇಲೆ, 2018ರಲ್ಲಿ, ಸೆಂದಾಯಿ ಉಚ್ಚನ್ಯಾಯಸ್ಥಾನವು ವಿಪತ್ತಿಗೆ ಮುಂಚೆಯೇ ತಕ್ಕ ಏರ್ಪಾಡು ಮಾಡದಿದ್ದುದನ್ನು ಶಾಲೆಯ ಆಡಳಿತದ ಹಾಗೂ ಶಿಕ್ಷಣಮಂಡಲಿಯ ದೋಷವೆಂದು ನಿರ್ಣಯಿಸಿತು. 2019ರಲ್ಲಿ ಆ ತೀರ್ಪೇ ಸ್ಥಿರವಾಯಿತು. ಹೊರೆಯು ಒಬ್ಬರ ಹೆಗಲಿನದಲ್ಲವೆಂದು ಧರ್ಮಾಸನವೇ ಹೇಳಿದಂತಾಯಿತು. ಇದನ್ನು ತಿಳಿದು ಗ್ರಂಥವನ್ನು ಮತ್ತೊಮ್ಮೆ ಓದಿದರೆ ಆ ಮೌನವು ಬೇರೆಯಾಗಿ ಕೇಳಿಸುತ್ತದೆ. ಉಪಾಧ್ಯಾಯನ ಹಾಜರಿಪುಸ್ತಕದಲ್ಲಿ ಅವನ ಹೆಸರು ಇರುವುದಿಲ್ಲ. ವಿಪತ್ತಿನ ಮರುದಿನ ಅವನ ಹೆಸರನ್ನೂ ಕೂಗಿ ವಿಚಾರಿಸುವವರು ಬೇಕು.