ಹಾಬ್ಸ್ ಮೆಚ್ಚಿದ ಥುಸಿಡಿಡೀಸ್: ಹೊಗಳಿಕೆ ಓದುವ ರಸಿಕರಿಗೊಂದು ಕೈಪಿಡಿ

ಹೊಗಳಿಕೆಯನ್ನು ಸವಿಯುವುದಕ್ಕೂ ಅಭ್ಯಾಸ ಬೇಕು. ಶುರುಮಾಡಲು 1629ರ ಪುಸ್ತಕವೊಂದನ್ನು ಹಿಡಿಯಿರಿ: ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದ ಅಥೆನ್ಸ್-ಸ್ಪಾರ್ಟಾ ಯುದ್ಧದ ಇತಿಹಾಸವನ್ನು ಇಂಗ್ಲಿಷ್ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಇಂಗ್ಲಿಷಿಗೆ ತಂದದ್ದು. 1550ರಲ್ಲೇ ಒಂದು ಇಂಗ್ಲಿಷ್ ಅನುವಾದ ಬಂದಿತ್ತು. ಅದು ಫ್ರೆಂಚಿನಿಂದ, ಆ ಫ್ರೆಂಚು ಲ್ಯಾಟಿನ್ನಿನಿಂದ. ಮೂರು ಕೈ ದಾಟಿದ ಸರಕು. ಹಾಬ್ಸ್ ನೇರ ಗ್ರೀಕಿಗೇ ಹೋದ.

ಮೊದಲ ಅಧ್ಯಾಯಕ್ಕೆ ಹಾರಬೇಡಿ. ಶೀರ್ಷಿಕೆ ಪುಟದ ಕೆತ್ತನೆ ನೋಡಿ. ಒಂದು ಪಕ್ಕ ಸ್ಪಾರ್ಟಾದ ದೊರೆ ಆರ್ಕಿಡಾಮಸ್, ಕೆಳಗೆ ಮೇಜಿನ ಸುತ್ತ ಕೂತು ಆಲೋಚನೆ ನಡೆಸುವ ಗಣ್ಯರು. ಇನ್ನೊಂದು ಪಕ್ಕ ಅಥೆನ್ಸಿನ ಪೆರಿಕ್ಲೀಸ್, ಕೆಳಗೆ ಭಾಷಣಕಾರನಿಗೆ ಬಾಯಿಬಿಟ್ಟುಕೊಂಡು ನಿಂತ ಜಂಗುಳಿ. ಒಂದಕ್ಷರ ಓದುವ ಮೊದಲೇ ತೀರ್ಪು ಬಂದಾಯಿತು!

ಆಮೇಲೆ ಮುನ್ನುಡಿ. ಇಷ್ಟು ರಾಜಕೀಯ ಸೂಕ್ಷ್ಮದ ಇತಿಹಾಸಕಾರ ಇನ್ನೊಬ್ಬನಿಲ್ಲ, ನೀತಿ ಹೇಳಲು ಕಥೆ ನಿಲ್ಲಿಸುವುದಿಲ್ಲ, ಓದುಗನನ್ನು ಸಭೆಯಲ್ಲೇ ತಂದು ಕೂರಿಸುತ್ತಾನೆ ಎಂದು ಹಾಬ್ಸ್ ಹೊಗಳುತ್ತಾನೆ. ನ್ಯಾಯವಾದ ಮಾತು. ಯುದ್ಧದ ನಡುವೆ ಅಥೆನ್ಸಿಗೆ ಬಡಿದ ಪ್ಲೇಗಿನ ಪುಟಗಳನ್ನೇ ತೆಗೆಯಿರಿ: ಮೈಯುರಿ ತಾಳಲಾರದೆ ಜನ ನೀರಿನ ತೊಟ್ಟಿಗೆ ಬೀಳುತ್ತಾರೆ, ಬರೆದವನದು ಒಂದು ನಿಟ್ಟುಸಿರೂ ಇಲ್ಲ. ತನಗೂ ಆ ರೋಗ ತಗುಲಿತ್ತು ಎಂಬುದನ್ನು ಸುಮ್ಮನೆ ಹೇಳಿ ಮುಂದೆ ಹೋಗುತ್ತಾನೆ.

ಸ್ವಾರಸ್ಯವಿರುವುದು ಇದರ ಆಚೆ. ಥುಸಿಡಿಡೀಸನಿಗೆ ಪ್ರಜಾಪ್ರಭುತ್ವ ಹಿಡಿಸದು, ಅವನ ಒಲವು ರಾಜನ ಆಳ್ವಿಕೆಯ ಕಡೆಗೆ ಎನ್ನುತ್ತಾನೆ ಹಾಬ್ಸ್. (ಅದೇ 1629ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್ ಪಾರ್ಲಿಮೆಂಟನ್ನು ವಿಸರ್ಜಿಸಿದ್ದ.) ಮೂಲದ ಎರಡನೇ ಭಾಗದಲ್ಲಿ, ಪೆರಿಕ್ಲೀಸನ ಕಾಲದಲ್ಲಿ ಹೆಸರಿಗೆ ಜನರ ಆಳ್ವಿಕೆ, ನಡೆದದ್ದು ಒಬ್ಬನದು ಎಂಬ ಮಾತಿದೆ. ಹಾಬ್ಸ್‌ಗೆ ಹಬ್ಬ. ಆದರೆ ಎಂಟನೇ ಭಾಗವನ್ನೂ ತಿರುವಿ: ಕ್ರಿ.ಪೂ. 411ರಲ್ಲಿ ಐದು ಸಾವಿರ ಮಂದಿಯ ಕೈಗೆ ಬಂದ, ಕೆಲವರನ್ನೂ ಹಲವರನ್ನೂ ಬೆರೆಸಿದ ಆಡಳಿತವೇ ತನ್ನ ಕಾಲದಲ್ಲಿ ಅಥೆನ್ಸ್ ಕಂಡ ಒಳ್ಳೆಯದು ಎಂದು ಥುಸಿಡಿಡೀಸ್ ಬಿಚ್ಚಿ ಹೇಳುತ್ತಾನೆ. ಹಾಬ್ಸ್ ಇದನ್ನು ಮುಚ್ಚಿಡುವುದಿಲ್ಲ, ಅಷ್ಟು ಪ್ರಾಮಾಣಿಕ. ಆದರೆ ಒಬ್ಬನ ಆಳ್ವಿಕೆಯನ್ನು ಥುಸಿಡಿಡೀಸ್ ಇನ್ನೂ ಹೆಚ್ಚು ಮೆಚ್ಚಿದ್ದ ಎಂದು ಸೇರಿಸುತ್ತಾನೆ. ಆ ‘ಇನ್ನೂ ಹೆಚ್ಚು’ ನನ್ನ ಲೆಕ್ಕದಲ್ಲಿ ಹಾಬ್ಸನ ಸ್ವಂತದ್ದು.

ಮುಪ್ಪಿನಲ್ಲಿ ಹಾಬ್ಸ್ ಲ್ಯಾಟಿನ್ ಪದ್ಯದಲ್ಲಿ ಆತ್ಮಕಥೆ ಬರೆದ. ಪ್ರಜಾಪ್ರಭುತ್ವ ಎಷ್ಟು ಪೆದ್ದು, ಇಡೀ ಸಭೆಗಿಂತ ಒಬ್ಬನೇ ಎಷ್ಟು ಜಾಣ ಎಂದು ಥುಸಿಡಿಡೀಸ್ ತನಗೆ ತೋರಿಸಿಕೊಟ್ಟನಂತೆ. ಅಲ್ಲಿ ಆ ಐದು ಸಾವಿರ ಮಂದಿ ಉದುರಿಹೋಗಿದ್ದಾರೆ.